ಅಡಿಗಲ್ಲಿಗೆ ಮುಂಚೆ: ಫ್ಲಾರೆನ್ಸ್ ನೈಟಿಂಗೇಲ್ ಕಟ್ಟಲು ಕಲಿಸಿದ ಆಸ್ಪತ್ರೆ

ಮಕ್ಕಳೇ, ಸ್ವಲ್ಪ ಹೊತ್ತು ಹೀಗೆ ಊಹಿಸಿಕೊಳ್ಳಿ. ನಮ್ಮ ಸೈದಾಪುರಕ್ಕೆ ಒಂದು ಹೊಸ ಆಸ್ಪತ್ರೆ ಮಂಜೂರಾಗಿದೆ. ಜಾಗ ಸಿಕ್ಕಿದೆ, ಹಣವೂ ಬಂದಿದೆ. ನಕ್ಷೆ ಬರೆಯುವವರು ನಿಮ್ಮ ಶಾಲೆಗೆ ಬಂದು, ದೊಡ್ಡ ಬಿಳಿ ಹಾಳೆಯೊಂದನ್ನು ನೆಲದ ಮೇಲೆ ಹಾಸಿ, ಪೆನ್ಸಿಲನ್ನು ನಿಮ್ಮ ಕೈಗೇ ಕೊಟ್ಟಿದ್ದಾರೆ. ಮೊದಲು ಏನು ಬರೆಯುತ್ತೀರಿ?

ಈ ಪ್ರಶ್ನೆಯನ್ನು ನಾನು ಹಲವು ಶಾಲೆಗಳಲ್ಲಿ ಕೇಳಿದ್ದೇನೆ. ಹೆಚ್ಚಿನವರು ದೊಡ್ಡ ಬಾಗಿಲು ಬರೆಯುತ್ತಾರೆ, ಅದರ ಮೇಲೆ ಹೆಸರಿನ ಫಲಕ ಬರೆಯುತ್ತಾರೆ. ಆಮೇಲೆ ಡಾಕ್ಟರ ಕೋಣೆ. ಕಿಟಕಿ ಬರೆಯುವವರು ಕಡಿಮೆ, ಶೌಚಾಲಯ ಬರೆಯುವವರು ಇನ್ನೂ ಕಡಿಮೆ. ಒಮ್ಮೆ ಆರನೇ ತರಗತಿಯ ಹುಡುಗಿಯೊಬ್ಬಳು ಮಾತ್ರ ಕಟ್ಟಡದ ಹಿಂದೆ ಒಂದು ಬೇವಿನ ಮರ ಬರೆದು, ಅದರ ಕೆಳಗೆ ಮೂರು ಕಲ್ಲಿನ ಒಲೆ ಹಾಕಿದಳು. ಇದೇನಮ್ಮ ಎಂದು ಕೇಳಿದೆ. ರೋಗಿಯ ಜೊತೆ ಬಂದವರು ರೊಟ್ಟಿ ಬಡಿಯುವುದೆಲ್ಲಿ ಸರ್ ಎಂದು ನನ್ನನ್ನೇ ಕೇಳಿದಳು. ಅಜ್ಜಿ ದವಾಖಾನೆಯಲ್ಲಿದ್ದಾಗ ಅವಳು ಹದಿನೈದು ದಿನ ಜೊತೆಗಿದ್ದವಳು. ಉಳಿದವರು ಆಸ್ಪತ್ರೆಯನ್ನು ಹೊರಗಿನಿಂದ ಬರೆದಿದ್ದರು, ಅವಳು ಒಳಗಿನಿಂದ ಬರೆದಿದ್ದಳು.

ಹೀಗೆ ಒಳಗಿದ್ದು ಕಂಡದ್ದನ್ನು ನಕ್ಷೆಗೆ ತಂದ ಒಬ್ಬ ಮಹಿಳೆಯ ಜೀವನವನ್ನು ಇಂದು ಹೇಳುತ್ತೇನೆ. ಅವರ ಹೆಸರು ನೀವು ಕೇಳಿದ್ದೀರಿ. ರಾತ್ರಿ ಹೊತ್ತು ದೀಪ ಹಿಡಿದು ಗಾಯಾಳುಗಳ ನಡುವೆ ನಡೆಯುವ ಚಿತ್ರವನ್ನೂ ನೋಡಿದ್ದೀರಿ. ಹೌದು, ಫ್ಲಾರೆನ್ಸ್ ನೈಟಿಂಗೇಲ್. ದೀಪದ ಕಥೆ ಸುಳ್ಳಲ್ಲ. ಆದರೆ ಅವರು ಆ ದೀಪ ಹಿಡಿದದ್ದು ಎರಡು ವರ್ಷಕ್ಕಿಂತ ಕಡಿಮೆ. ಪೆನ್ನು ಮತ್ತು ಅಂಕಿಗಳನ್ನು ಹಿಡಿದದ್ದು ಸುಮಾರು ನಲವತ್ತು ವರ್ಷ. ಆ ನಲವತ್ತು ವರ್ಷದ ಕಥೆಯನ್ನು ನಮ್ಮ ಪುಸ್ತಕಗಳು ಏಕೋ ಹೆಚ್ಚು ಹೇಳುವುದಿಲ್ಲ.

ಫ್ಲಾರೆನ್ಸ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ತಂದೆ ತಾಯಿ ಇಂಗ್ಲೆಂಡಿನ ಸಿರಿವಂತರು. ತಂದೆ ಮನೆಯಲ್ಲೇ ಮಗಳಿಗೆ ಭಾಷೆ, ಇತಿಹಾಸ ಕಲಿಸಿದರು. ಅವಳಿಗೆ ಬೇಕಾಗಿದ್ದದ್ದು ಗಣಿತ. ಹೆಣ್ಣುಮಕ್ಕಳಿಗೆ ಗಣಿತವೇಕೆ ಎಂದು ತಾಯಿಗೆ ಇಷ್ಟವಿರಲಿಲ್ಲ. ಹಟ ಹಿಡಿದು ಕಲಿತಳು. ದೊಡ್ಡವಳಾದ ಮೇಲೆ ನರ್ಸ್ ಆಗುತ್ತೇನೆ ಎಂದಾಗ ಮನೆಯಲ್ಲಿ ಇನ್ನೂ ದೊಡ್ಡ ರಂಪವಾಯಿತು. ಆ ಕಾಲದಲ್ಲಿ ಶ್ರೀಮಂತರು ಕಾಯಿಲೆ ಬಿದ್ದರೆ ಮನೆಯಲ್ಲೇ ಮಲಗುತ್ತಿದ್ದರು. ಆಸ್ಪತ್ರೆ ಎಂದರೆ ಬಡವರು ಹೋಗುವ, ಹೋದವರಲ್ಲಿ ಎಷ್ಟೋ ಮಂದಿ ಮರಳಿ ಬಾರದ ಜಾಗ. ಆದರೂ ಆಕೆ ಬೆಳಗಿನ ಜಾವ ಎದ್ದು, ಯಾರಿಗೂ ಕಾಣದಂತೆ, ಬೇರೆ ಬೇರೆ ಆಸ್ಪತ್ರೆಗಳ ವರದಿಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಥ್ ಎಂಬಲ್ಲಿ ಮೂರು ತಿಂಗಳು ಶುಶ್ರೂಷೆಯ ಕೆಲಸ ಕಲಿತರು.

1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆ ಅವರ ಪಾಲಿಗೆ ಬಂತು. ಅಲ್ಲಿಗೆ ಕಾಲಿಡುವ ಮೊದಲೇ ಅವರು ಕೇಳಿದ್ದೇನು ಗೊತ್ತೇ? ಪ್ರತಿ ಅಂತಸ್ತಿಗೂ ಕೊಳವೆಯಲ್ಲಿ ಬಿಸಿನೀರು ಬರಬೇಕು. ಅಡುಗೆಮನೆಯಿಂದ ಊಟವನ್ನು ಮೇಲಕ್ಕೆ ಎಳೆದುಕೊಳ್ಳಲು ಹಗ್ಗ ಸುತ್ತುವ ಯಂತ್ರ ಬೇಕು. ರೋಗಿ ಗಂಟೆ ಬಾರಿಸಿದಾಗ ಯಾವ ರೋಗಿ ಎಂದು ನರ್ಸಿಗೆ ತಕ್ಷಣ ಕಾಣುವಂತೆ ಒಂದು ಚಿಕ್ಕ ಮುಚ್ಚಳ ತೆರೆದುಕೊಳ್ಳಬೇಕು. ಕೇಳಿದರೆ ಇವು ಸಣ್ಣ ಸಂಗತಿಗಳು ಅನ್ನಿಸುತ್ತದೆ. ಆದರೆ ನರ್ಸ್ ಒಬ್ಬಳು ದಿನಕ್ಕೆ ಐವತ್ತು ಸಲ ಬಿಸಿನೀರಿಗಾಗಿ, ಗಂಜಿಗಾಗಿ ಮೆಟ್ಟಿಲು ಹತ್ತಿ ಇಳಿದರೆ ಅಷ್ಟು ಹೊತ್ತು ರೋಗಿಯ ಹಾಸಿಗೆಯ ಪಕ್ಕ ಯಾರೂ ಇರುವುದಿಲ್ಲ. ಆ ಮೆಟ್ಟಿಲುಗಳ ಲೆಕ್ಕ ನಕ್ಷೆ ಬರೆಯುವವರಿಗೆ ಹೊಳೆಯುವುದಿಲ್ಲ, ಹತ್ತಿ ಇಳಿಯುವವರಿಗೆ ಗೊತ್ತಿರುತ್ತದೆ.

ಮರುವರ್ಷ ಕ್ರಿಮಿಯಾ ಯುದ್ಧ. 1854ರ ನವೆಂಬರ್ 4ರಂದು ಫ್ಲಾರೆನ್ಸ್ 38 ದಾದಿಯರ ಜೊತೆ ತುರ್ಕಿ ದೇಶದ ಸ್ಕುಟಾರಿಗೆ ತಲುಪಿದರು. ಅಲ್ಲಿದ್ದದ್ದು ಆಸ್ಪತ್ರೆಯೆಂದು ಕಟ್ಟಿದ ಕಟ್ಟಡವಲ್ಲ, ಸೈನಿಕರು ವಾಸಿಸುವ ಬೃಹತ್ ಬ್ಯಾರಕ್ಕು. ಉದ್ದುದ್ದ ಪಡಸಾಲೆಗಳಲ್ಲಿ ಗಾಯಾಳುಗಳು ನೆಲದ ಮೇಲೆ ಮಲಗಿದ್ದರು. ಬಟ್ಟೆಯಿಲ್ಲ, ಸಾಬೂನಿಲ್ಲ, ಸರಿಯಾದ ಊಟವಿಲ್ಲ. ಫ್ಲಾರೆನ್ಸ್ ಅಡುಗೆಮನೆ ತೆರೆದರು. ಬಟ್ಟೆ ಒಗೆಯಲು ಮನೆಯೊಂದನ್ನು ಹಿಡಿದು ಹಂಡೆಗಳನ್ನು ಇಡಿಸಿ, ಸೈನಿಕರ ಹೆಂಡಂದಿರನ್ನೇ ಕೆಲಸಕ್ಕೆ ಕರೆದರು. ರಾತ್ರಿ ದೀಪ ಹಿಡಿದು ಸುತ್ತಿದರು. ಇಷ್ಟನ್ನು ನೀವು ಓದಿದ್ದೀರಿ.

ಓದದೇ ಇರುವುದು ಇದು. ಇಷ್ಟೆಲ್ಲ ಮಾಡಿದರೂ ಆ ಚಳಿಗಾಲದಲ್ಲಿ ಸಾವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು! 1855ರ ಫೆಬ್ರವರಿಯಲ್ಲಿ ಚಿಕಿತ್ಸೆಗೆ ಬಂದ ಪ್ರತಿ 100 ಮಂದಿಯಲ್ಲಿ ಸುಮಾರು 42 ಮಂದಿ ಸತ್ತರು. ಮಾರ್ಚ್‌ನಲ್ಲಿ ಇಂಗ್ಲೆಂಡಿನಿಂದ ನೈರ್ಮಲ್ಯ ಆಯೋಗವೊಂದು ಬಂತು. ಸದರ್‌ಲ್ಯಾಂಡ್ ಎಂಬ ವೈದ್ಯರು, ರಾಲಿನ್ಸನ್ ಎಂಬ ಎಂಜಿನಿಯರು ಅದರಲ್ಲಿದ್ದರು. ಅವರು ರೋಗಿಗಳಿಗೆ ಔಷಧಿ ಕೊಡಲಿಲ್ಲ. ಕಟ್ಟಡವನ್ನು ಪರೀಕ್ಷಿಸಿದರು! ಕಟ್ಟಡದ ಅಡಿಯಲ್ಲೇ ಮಲದ ಚರಂಡಿಗಳು ಕಟ್ಟಿಕೊಂಡು ನಾರುತ್ತಿದ್ದವು. ಗಾಳಿ ಬೀಸಿದಾಗ ಆ ದುರ್ವಾಸನೆ ಶೌಚದ ಕೊಳವೆಗಳ ಮೂಲಕ ವಾರ್ಡಿಗೇ ಬರುತ್ತಿತ್ತು. ಕುಡಿಯುವ ನೀರು ಬರುವ ಕಾಲುವೆಯಲ್ಲಿ ಸತ್ತ ಕುದುರೆಯೊಂದು ಸಿಕ್ಕಿಕೊಂಡಿತ್ತು. ಚರಂಡಿಗಳನ್ನು ತೊಳೆಸಿದರು, ನೂರಾರು ಕೈಗಾಡಿ ಕಸ ಹೊರಹಾಕಿಸಿದರು, ಗೋಡೆಗೆ ಸುಣ್ಣ ಬಳಿಸಿದರು, ಗಾಳಿಯಾಡಲು ದಾರಿ ಮಾಡಿಸಿದರು. ಜೂನ್ ಹೊತ್ತಿಗೆ 100ಕ್ಕೆ 42 ಇದ್ದ ಸಾವು 100ಕ್ಕೆ 2ರ ಆಸುಪಾಸಿಗೆ ಇಳಿಯಿತು.

ಯುದ್ಧ ಮುಗಿದು 1856ರಲ್ಲಿ ಊರಿಗೆ ಮರಳುವಾಗ ಫ್ಲಾರೆನ್ಸ್ ಇಂಗ್ಲೆಂಡಿನಲ್ಲೆಲ್ಲ ಮನೆಮಾತಾಗಿದ್ದರು. ಮೆರವಣಿಗೆ, ಸನ್ಮಾನಗಳು ಕಾದಿದ್ದವು. ಅವರು ಬೇರೆ ಹೆಸರಿನಲ್ಲಿ ಪ್ರಯಾಣ ಮಾಡಿ ಸದ್ದಿಲ್ಲದೆ ಮನೆ ಸೇರಿದರು. ಅನಂತರ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ಜೊತೆ ಕುಳಿತು ಸತ್ತವರ ಲೆಕ್ಕ ತೆಗೆದರು. ಆ ಯುದ್ಧದಲ್ಲಿ ಗಾಯದಿಂದ ಸತ್ತ ಬ್ರಿಟಿಷ್ ಸೈನಿಕರು 5 ಸಾವಿರಕ್ಕೂ ಕಡಿಮೆ. ಕಾಲರಾ, ಭೇದಿ, ಜ್ವರ ಮೊದಲಾದ ಕಾಯಿಲೆಗಳಿಂದ ಸತ್ತವರು ಸುಮಾರು 16 ಸಾವಿರ. ತಾನು ಹಗಲಿರುಳು ದುಡಿದ ಕಟ್ಟಡವೇ ಕೊಲ್ಲುತ್ತಿತ್ತು, ಅಲ್ಲಿದ್ದಾಗ ತನಗದು ಪೂರ್ತಿ ತಿಳಿದಿರಲಿಲ್ಲ ಎಂಬುದು ಅಂಕಿಗಳಿಂದ ಕಾಣಿಸಿತು. ಎಷ್ಟು ನೋವಾಗಿರಬೇಕು ನೀವೇ ಯೋಚಿಸಿ. ಬೇರೆಯವರಾಗಿದ್ದರೆ ಆ ಲೆಕ್ಕದ ಹಾಳೆಯನ್ನು ಮಡಚಿಟ್ಟು ಸನ್ಮಾನ ಮಾಡಿಸಿಕೊಳ್ಳುತ್ತಿದ್ದರೇನೋ. ಫ್ಲಾರೆನ್ಸ್ ಅದನ್ನು ಎಲ್ಲರಿಗೂ ಅರ್ಥವಾಗುವಂತೆ ಚಿತ್ರ ಮಾಡಿದರು. ರೊಟ್ಟಿಯನ್ನು ಹನ್ನೆರಡು ತುಂಡು ಮಾಡಿದಂತೆ ಒಂದು ವೃತ್ತ. ಒಂದೊಂದು ತುಂಡು ಒಂದೊಂದು ತಿಂಗಳು. ತಡೆಯಬಹುದಾಗಿದ್ದ ಕಾಯಿಲೆಯ ಸಾವಿಗೆ ನೀಲಿ, ಗಾಯದ ಸಾವಿಗೆ ಕೆಂಪು, ಉಳಿದದ್ದಕ್ಕೆ ಕಪ್ಪು. ನೀಲಿ ಬಣ್ಣವೇ ಹಾಳೆ ತುಂಬ ಹರಡಿತ್ತು. ಓದಲು ಬಿಡುವಿಲ್ಲದ ಮಂತ್ರಿಗಳಿಗೂ ಆ ನೀಲಿ ಕಾಣದೆ ಇರಲು ಸಾಧ್ಯವಿರಲಿಲ್ಲ. ಲಂಡನ್ನಿನ ಅಂಕಿಅಂಶ ಸಂಘವು ಸದಸ್ಯರನ್ನಾಗಿ ಸೇರಿಸಿಕೊಂಡ ಮೊದಲ ಮಹಿಳೆ ಅವರೇ.

ಇನ್ನು ಮುಂದೆ ಕಟ್ಟುವ ಆಸ್ಪತ್ರೆಗಳಾದರೂ ಸರಿಯಾಗಿರಲಿ ಎಂದು ಅವರು ಹೊರಟಾಗ ಮೊದಲ ಹೆಜ್ಜೆಯಲ್ಲೇ ಸೋಲು ಎದುರಾಯಿತು. ನೆಟ್ಲಿ ಎಂಬ ಊರಿನಲ್ಲಿ ಸೈನಿಕರಿಗಾಗಿ ಭಾರಿ ಆಸ್ಪತ್ರೆಯೊಂದು ಏಳುತ್ತಿತ್ತು. 1856ರ ಮೇ ತಿಂಗಳಿನಲ್ಲಿ ರಾಣಿ ವಿಕ್ಟೋರಿಯಾ ಅಡಿಗಲ್ಲು ಹಾಕಿದ್ದರು. ಕಟ್ಟಡದ ಉದ್ದ ಸುಮಾರು 400 ಮೀಟರ್! ಸಮುದ್ರದ ಕಡೆಯಿಂದ ನೋಡಿದರೆ ಅರಮನೆಯಂತೆ ಕಾಣುವ ಹಾಗೆ ಯೋಜನೆ. ನಕ್ಷೆ ಫ್ಲಾರೆನ್ಸ್ ಕೈಗೆ ಬಂದಾಗ ಅವರಿಗೆ ಕಂಡದ್ದೇ ಬೇರೆ. ಬಿಸಿಲು, ಸಮುದ್ರದ ಗಾಳಿ ಬರುವ ಮುಂಭಾಗದಲ್ಲಿ ಉದ್ದನೆಯ ಪಡಸಾಲೆ ಇತ್ತು. ರೋಗಿಗಳ ಕೋಣೆಗಳು ಹಿಂಭಾಗದಲ್ಲಿದ್ದವು. ಕೋಣೆಯ ಎರಡೂ ಕಡೆ ಹೊರಗಾಳಿಗೆ ತೆರೆದ ಕಿಟಕಿ ಇರಲಿಲ್ಲ. ಅವರು ಪ್ರಧಾನಮಂತ್ರಿ ಪಾಮರ್‌ಸ್ಟನ್ನರವರೆಗೂ ಹೋದರು. ಪ್ರಧಾನಿಗೆ ಅವರ ಮಾತು ಸರಿ ಎನ್ನಿಸಿತು. ಆದರೇನು, ತಳಪಾಯ ಬಿದ್ದಾಗಿತ್ತು, ಬಹಳ ಹಣ ಖರ್ಚಾಗಿತ್ತು. ಸಣ್ಣಪುಟ್ಟ ತಿದ್ದುಪಡಿ ಮಾಡಿ ಅದನ್ನೇ ಮುಂದುವರಿಸಿದರು. 1863ರಲ್ಲಿ ಆಸ್ಪತ್ರೆ ತೆರೆಯಿತು, 1966ರಲ್ಲಿ ಅದರ ಬಹುಭಾಗವನ್ನು ಕೆಡವಿದರು. ಸುಮಾರು ನೂರು ವರ್ಷ ರೋಗಿಗಳು ಹಿಂಭಾಗದಲ್ಲಿ ಮಲಗಿದರು, ಬಿಸಿಲು ಪಡಸಾಲೆಗೆ ಬಿತ್ತು.

ಇದನ್ನು ಬರೆಯುವಾಗ ನನಗೆ ನಾನು ಹಿಂದೆ ಪಾಠ ಮಾಡುತ್ತಿದ್ದ ಒಂದು ಕೋಣೆ ನೆನಪಾಗುತ್ತದೆ. ಊರು, ಶಾಲೆ ಬೇಡ. ಅದರ ಕಿಟಕಿಗಳೆಲ್ಲ ಪಡುವಣಕ್ಕೆ. ಮಧ್ಯಾಹ್ನ ಮೂರು ಗಂಟೆಯಾದರೆ ಮಕ್ಕಳು ಪುಸ್ತಕವನ್ನು ಓದಲು ಅಲ್ಲ, ಮುಖಕ್ಕೆ ಅಡ್ಡ ಹಿಡಿಯಲು ಎತ್ತುತ್ತಿದ್ದರು. ಕಟ್ಟುವ ಮೊದಲು ಅಲ್ಲಿನ ಒಬ್ಬ ಶಿಕ್ಷಕರನ್ನೋ ಒಬ್ಬ ಹುಡುಗನನ್ನೋ ಕೇಳಿದ್ದರೆ ಸಾಕಿತ್ತು. ಒಂದು ಮಾತು ಗಮನಿಸಿ. ನೆಟ್ಲಿಯಲ್ಲಿ ಬಿಸಿಲು ಬೇಕಿತ್ತು, ನಮ್ಮಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲನ್ನು ತಡೆಯಬೇಕು. ಆದ್ದರಿಂದ ಒಂದು ಊರಿಗೆ ಸರಿಯಾದ ನಕ್ಷೆ ಇನ್ನೊಂದು ಊರಿಗೆ ಹಾಗೆಯೇ ಆಗುವುದಿಲ್ಲ. ಬಿಸಿಲು ಎಲ್ಲಿಂದ, ಗಾಳಿ ಎಲ್ಲಿಂದ, ಮಳೆನೀರು ಎಲ್ಲಿ ನಿಲ್ಲುತ್ತದೆ ಎಂಬುದು ಆಯಾ ಊರಿನವರಿಗೇ ಗೊತ್ತು.

ನೆಟ್ಲಿಯ ಪೆಟ್ಟು ತಿಂದ ಫ್ಲಾರೆನ್ಸ್ 1859ರಲ್ಲಿ ಆಸ್ಪತ್ರೆ ಕಟ್ಟುವ ವಿಷಯದ ಪುಸ್ತಕವೊಂದನ್ನು ಪ್ರಕಟಿಸಿದರು. ಅದರ ಮೊದಲ ಮಾತೇ, ಆಸ್ಪತ್ರೆಯು ರೋಗಿಗೆ ಕೆಡುಕು ಮಾಡಬಾರದು ಎಂಬುದು. ನಗಬೇಡಿ. ಸ್ಕುಟಾರಿಯನ್ನು ಕಂಡವರಿಗೆ ಅದನ್ನು ಬರೆದಿಡಲೇಬೇಕು ಎನ್ನಿಸಿತ್ತು. ಅವರ ವಾರ್ಡು ಹೀಗಿತ್ತು: ಉದ್ದವಾದ ಒಂದು ಕೋಣೆ, ಒಳಗೆ 20ರಿಂದ 32 ಹಾಸಿಗೆ. ಎದುರುಬದುರು ಎರಡೂ ಗೋಡೆಗಳಲ್ಲಿ ಎತ್ತರದ ಕಿಟಕಿಗಳು, ಎರಡು ಹಾಸಿಗೆಗೆ ಒಂದಾದರೂ ಕಿಟಕಿ. ಶೌಚಾಲಯ ಕೋಣೆಯ ತುದಿಯಲ್ಲಿ, ನಡುವೆ ಗಾಳಿಯಾಡುವ ಸಣ್ಣ ಅಂಗಳದಂಥ ಜಾಗ ಬಿಟ್ಟು. ಗೋಡೆ, ನೆಲ ಕೊಳೆ ಹೀರದಂತೆ, ತೊಳೆಯಲು ಬರುವಂತೆ. ನರ್ಸ್ ತನ್ನ ಜಾಗದಲ್ಲಿ ನಿಂತರೆ ಎಲ್ಲ ಹಾಸಿಗೆಗಳೂ ಕಣ್ಣಿಗೆ ಬೀಳುವಂತೆ. ಇಂಥ ವಾರ್ಡುಗಳನ್ನು ಒಂದಕ್ಕೊಂದು ಅಂಟಿಸದೆ, ಬಾಚಣಿಗೆಯ ಹಲ್ಲಿನಂತೆ ಬಿಡಿಬಿಡಿಯಾಗಿ ಕಟ್ಟಬೇಕು. ಈ ಕಲ್ಪನೆ ಪೂರ್ತಿ ಅವರದೇ ಅಲ್ಲ. ಪ್ಯಾರಿಸ್ಸಿನಲ್ಲಿ 1854ರಲ್ಲಿ ತೆರೆದಿದ್ದ ಲಾರಿಬ್ವಾಸಿಯೇರ್ ಆಸ್ಪತ್ರೆ ಹೀಗೆಯೇ ಇತ್ತು, ಅದನ್ನು ಅವರು ಬಹಳ ಮೆಚ್ಚಿದ್ದರು.

ಇಲ್ಲಿ ಒಂದು ಸೋಜಿಗವಿದೆ. ರೋಗ ಏಕೆ ಬರುತ್ತದೆ ಎಂಬ ವಿಷಯದಲ್ಲಿ ಫ್ಲಾರೆನ್ಸ್ ತಿಳಿದಿದ್ದದ್ದು ತಪ್ಪು! ಕೆಟ್ಟ ವಾಸನೆಯ ಗಾಳಿಯೇ ರೋಗಕ್ಕೆ ಕಾರಣ ಎಂದು ಆಗ ಬಹುಮಂದಿ ನಂಬಿದ್ದರು, ಅವರೂ ನಂಬಿದ್ದರು. ರೋಗಾಣುಗಳ ಮಾತನ್ನು ಅವರು ಬೇಗ ಒಪ್ಪಲಿಲ್ಲ. ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿದ್ದು 1882ರಲ್ಲಿ. ಆದರೂ ಅವರ ಕಿಟಕಿ ಏಕೆ ಕೆಲಸ ಮಾಡಿತು? ಕ್ಷಯರೋಗಿ ಕೆಮ್ಮಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಗಾಳಿಯಲ್ಲಿ ತೇಲುತ್ತವೆ. ಮುಚ್ಚಿದ ಕೋಣೆಯಲ್ಲಿ ಅವು ಸೇರುತ್ತಾ ಹೋಗುತ್ತವೆ. ಎದುರುಬದುರು ಕಿಟಕಿ ತೆರೆದರೆ ಒಂದು ಕಡೆಯಿಂದ ಬಂದ ಗಾಳಿ ಅವನ್ನು ಇನ್ನೊಂದು ಕಡೆಯಿಂದ ಹೊರಗೆ ಒಯ್ಯುತ್ತದೆ, ಉಳಿದವರ ಉಸಿರಿಗೆ ಸಿಗುವುದು ಕಡಿಮೆಯಾಗುತ್ತದೆ. ಕೋವಿಡ್ ಕಾಲದಲ್ಲಿ ಕಿಟಕಿ ತೆರೆದಿಡಿ ಎಂದು ಹೇಳಿದ್ದೂ ಇದೇ ಕಾರಣಕ್ಕೆ. ಚರಂಡಿಯ ವಿಷಯವೂ ಅಷ್ಟೆ. ವಾಸನೆಯಿಂದ ಕಾಲರಾ ಬರುವುದಿಲ್ಲ, ಮಲ ಬೆರೆತ ನೀರಿನಿಂದ ಬರುತ್ತದೆ. ವಾಸನೆ ಹೋಗಲಿ ಎಂದು ಚರಂಡಿ ತೊಳೆದರೂ ನೀರು ಶುದ್ಧವಾಯಿತು. ಕಾರಣ ತಪ್ಪಿದ್ದರೂ ಎಣಿಕೆ ತಪ್ಪಿರಲಿಲ್ಲ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ನರ್ಸಿಂಗ್ ಶಾಲೆ ಆರಂಭವಾಯಿತು. ಅದೇ ಹೊತ್ತಿಗೆ ಆ ಆಸ್ಪತ್ರೆಯ ಜಾಗಕ್ಕೆ ರೈಲು ದಾರಿ ಬಂತು, ಆಸ್ಪತ್ರೆಯನ್ನೇ ಎತ್ತಬೇಕಾಯಿತು. ಎಲ್ಲಿಗೆ? ದೊಡ್ಡವರು ತಮಗೆ ಹತ್ತಿರವಾಗುವ ಜಾಗ ನೋಡುತ್ತಿದ್ದರೆ, ಫ್ಲಾರೆನ್ಸ್ ರೋಗಿಗಳ ದಾಖಲೆ ತರಿಸಿ, ಅವರು ಎಷ್ಟು ದೂರದ ಯಾವ ಯಾವ ಬಡಾವಣೆಯಿಂದ ಬರುತ್ತಾರೆ ಎಂದು ಪಟ್ಟಿ ಮಾಡಿದರು. ಹೊರವಲಯದ ಗಾಳಿಯಾಡುವ ಜಾಗಕ್ಕೆ ಹೋಗಬಹುದು ಎಂಬುದು ಅವರ ಅಭಿಪ್ರಾಯ. ಕೊನೆಗೆ ಆಡಳಿತದವರು ಥೇಮ್ಸ್ ನದಿಯ ದಡವನ್ನೇ ಆರಿಸಿದರು. ಜಾಗದಲ್ಲಿ ಸೋತರೂ ನಕ್ಷೆಯಲ್ಲಿ ಗೆದ್ದರು. 1871ರಲ್ಲಿ ತೆರೆದ ಹೊಸ ಆಸ್ಪತ್ರೆ ಬಿಡಿಬಿಡಿ ವಾರ್ಡುಗಳದ್ದೇ ಆಗಿತ್ತು.

ಇಷ್ಟು ಹೊತ್ತಿಗೆ ಅವರಿಗೆ ಏಳಲಾಗದಷ್ಟು ಅನಾರೋಗ್ಯ. ಯುದ್ಧಭೂಮಿಯಲ್ಲಿ ಹಿಡಿದ ಜ್ವರ ವರ್ಷಗಟ್ಟಲೆ ಕಾಡಿತೆಂದು ಹೇಳುತ್ತಾರೆ. ಹಾಸಿಗೆಯಲ್ಲೇ ಕುಳಿತು ಸಾವಿರಾರು ಪತ್ರ ಬರೆದರು. ಅವುಗಳಲ್ಲಿ ಎಷ್ಟೋ ಪತ್ರಗಳು ಅವರು ಒಮ್ಮೆಯೂ ನೋಡದ ಒಂದು ದೇಶದ ಬಗ್ಗೆ. ಆ ದೇಶ ನಮ್ಮದು.

1859ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿದ್ದ ತನ್ನ ಸೈನ್ಯದ ಆರೋಗ್ಯ ನೋಡಲು ಆಯೋಗ ನೇಮಿಸಿತು. ಪ್ರತಿ 1000 ಸೈನಿಕರಲ್ಲಿ ವರ್ಷಕ್ಕೆ 69 ಮಂದಿ ಸಾಯುತ್ತಿದ್ದರು. ಫ್ಲಾರೆನ್ಸ್ ಪ್ರಶ್ನಾವಳಿ ತಯಾರಿಸಲು ನೆರವಾದರು. ನಿಮ್ಮಲ್ಲಿ ಕುಡಿಯುವ ನೀರು ಎಲ್ಲಿಂದ? ಚರಂಡಿ ಎಲ್ಲಿಗೆ? ಆಸ್ಪತ್ರೆಯ ಗಾಳಿ ಹೇಗಿದೆ? ದೇಶದ ಎಲ್ಲ ದಂಡುಪ್ರದೇಶಗಳಿಗೂ ಪ್ರಶ್ನೆಗಳು ಹೋದವು. ಗಾಡಿಗಟ್ಟಲೆ ಉತ್ತರ ಬಂತು. ಬೆಂಗಳೂರಿನಿಂದ ಬಂದ ಉತ್ತರದಲ್ಲಿ ಒಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಕುಡಿಯಲು ಬಳಸುವ ಹಲಸೂರು ಕೆರೆಗೇ ಪೇಟೆಯ ಕೊಳಕೆಲ್ಲ ಹರಿದು ಬರುತ್ತಿತ್ತು! ಅದನ್ನು ಅವರು ತಮ್ಮ ಟಿಪ್ಪಣಿಯಲ್ಲಿ ಎತ್ತಿ ತೋರಿಸಿದರು. ವರದಿ 1863ರಲ್ಲಿ ಹೊರಬಂತು. ಹತ್ತು ವರ್ಷಗಳ ಅನಂತರ ಸೈನಿಕರ ಸಾವು 1000ಕ್ಕೆ 18ಕ್ಕೆ ಇಳಿದಿತ್ತು.

ಆ ದಿನಗಳಲ್ಲೇ ನಮ್ಮ ರಾಜ್ಯದಲ್ಲಿ ಒಂದು ಆಸ್ಪತ್ರೆ ಎದ್ದಿತು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಕಾಲದಲ್ಲಿ, 1866ರಲ್ಲಿ ಬೆಂಗಳೂರಿನ ದಂಡಿನಲ್ಲಿ ಅಡಿಗಲ್ಲು ಬಿದ್ದು 1868ರಲ್ಲಿ ತೆರೆದ ಈ ಆಸ್ಪತ್ರೆಗೆ ಮಾದರಿಯಾದದ್ದು ಯಾವುದು ಗೊತ್ತೇ? ಫ್ಲಾರೆನ್ಸ್ ಮೆಚ್ಚಿದ್ದ ಅದೇ ಪ್ಯಾರಿಸ್ಸಿನ ಲಾರಿಬ್ವಾಸಿಯೇರ್. ಅದು ಸೈನಿಕರಿಗಲ್ಲ, ಊರಿನ ಜನರಿಗಾಗಿ ಕಟ್ಟಿದ್ದು. ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ. ನಿಮ್ಮ ಊರಿನಿಂದ ಬೆಂಗಳೂರಿಗೆ ಕೂಲಿಗೆ ಹೋದವರಲ್ಲಿ ಯಾರಾದರೂ ಅಲ್ಲಿ ಚೀಟಿ ಮಾಡಿಸಿರಲೂಬಹುದು, ಕೇಳಿ ನೋಡಿ.

ಒಂದು ಕೊರತೆ ಮಾತ್ರ ಹೇಳಲೇಬೇಕು. ಆ ಪ್ರಶ್ನಾವಳಿಗೆ ಉತ್ತರ ಬರೆದವರೆಲ್ಲ ಸೈನ್ಯದ ಅಧಿಕಾರಿಗಳು, ವೈದ್ಯರು. ಹಲಸೂರು ಕೆರೆಯ ನೀರು ಹೊರುತ್ತಿದ್ದ ಹೆಂಗಸರನ್ನು ಯಾರೂ ಕೇಳಲಿಲ್ಲ. ಸೈನಿಕರ ಆರೋಗ್ಯದಿಂದ ಆರಂಭಿಸಿದ ಫ್ಲಾರೆನ್ಸ್, ಊರು ಸ್ವಚ್ಛವಾಗದೆ ದಂಡು ಸ್ವಚ್ಛವಾಗದು ಎಂದು ವರ್ಷ ಕಳೆದಂತೆ ಕಂಡುಕೊಂಡರು. ಪುಣೆಯ ಸಾರ್ವಜನಿಕ ಸಭೆಯಂಥ ಭಾರತೀಯರ ಸಂಘಗಳೊಡನೆ ಪತ್ರ ವ್ಯವಹಾರ ಇಟ್ಟುಕೊಂಡರು. 1892ರಲ್ಲಿ, ತಮ್ಮ 72ನೇ ವಯಸ್ಸಿನಲ್ಲಿ, ಸರ್ಕಾರಕ್ಕೆ ಒಂದು ಮನವಿ ಕೊಟ್ಟರು. ಹಳ್ಳಿಗರಿಂದ ವಸೂಲಾಗುವ ತೆರಿಗೆಯ ಒಂದು ಪಾಲನ್ನು ಮೊದಲು ಆ ಹಳ್ಳಿಯ ನೀರು, ನೈರ್ಮಲ್ಯಕ್ಕೇ ಖರ್ಚು ಮಾಡಿ, ಉಳಿದರೆ ರಸ್ತೆ ಇತ್ಯಾದಿಗೆ ಬಳಸಿ ಎಂಬುದು ಅದರ ಸಾರ. ಅವರ ಮನಸ್ಸಿನಲ್ಲಿದ್ದದ್ದು ಹೆಚ್ಚಾಗಿ ಮುಂಬೈ ಪ್ರಾಂತ್ಯದ ಹಳ್ಳಿಗಳು. ನಮ್ಮ ನೆರೆಯ ವಿಜಯಪುರವೂ ಆಗ ಆ ಪ್ರಾಂತ್ಯದಲ್ಲೇ ಇತ್ತು. ಯಾದಗಿರಿ ನಿಜಾಮರ ರಾಜ್ಯದಲ್ಲಿತ್ತು. ಅಂದುಕೊಂಡಷ್ಟು ಕೆಲಸ ಆಗಲಿಲ್ಲ, ಅದು ಬೇರೆ ಮಾತು.

1907ರಲ್ಲಿ ಇಂಗ್ಲೆಂಡಿನ ಅರಸರು ಆರ್ಡರ್ ಆಫ್ ಮೆರಿಟ್ ಎಂಬ ದೊಡ್ಡ ಗೌರವ ಕೊಟ್ಟರು. ಅದನ್ನು ಪಡೆದ ಮೊದಲ ಮಹಿಳೆ ಅವರೇ. ಆಗ ಅವರ ಕಣ್ಣು ಮಂಜಾಗಿತ್ತು, ನೆನಪು ಮಾಸಿತ್ತು. 1910ರ ಆಗಸ್ಟ್ 13ರಂದು ತೀರಿಕೊಂಡರು. ಅವರ ಜನ್ಮದಿನ ಮೇ 12 ಇಂದು ಅಂತರರಾಷ್ಟ್ರೀಯ ದಾದಿಯರ ದಿನ.

ಈಗ ಸೈದಾಪುರದ ಆ ಬಿಳಿ ಹಾಳೆಗೆ ಮರಳೋಣ. ಪೆನ್ಸಿಲ್ ಮುಟ್ಟುವ ಮೊದಲು ಒಂದು ವಾರ ತೆಗೆದುಕೊಳ್ಳಿ. ಆಸ್ಪತ್ರೆಯಲ್ಲಿ ಮಲಗಿ ಬಂದವರೊಬ್ಬರು, ಹೆರಿಗೆಗೆ ಹೋಗಿ ಬಂದ ತಾಯಿ, ನಿಮ್ಮ ಓಣಿಯ ಆಶಾ ಕಾರ್ಯಕರ್ತೆ, ನೆಲ ಒರೆಸುವ ಆಯಾ, ಕೋಲೂರಿಕೊಂಡು ನಡೆಯುವ ಅಜ್ಜ ಇವರನ್ನು ಕಂಡು, ಅಲ್ಲಿ ಏನು ಕಷ್ಟವಾಯಿತು ಎಂದು ಕೇಳಿ ಬರೆದುಕೊಳ್ಳಿ. ಎಷ್ಟು ಮಂದಿ ಒಂದೇ ಮಾತು ಹೇಳಿದರು ಎಂದು ಎಣಿಸಿ.

ಇನ್ನೊಂದನ್ನು ತರಗತಿಯಲ್ಲೇ ಶಿಕ್ಷಕರ ಜೊತೆ ಮಾಡಿ ನೋಡಿ. ಒಂದು ಕಡೆಯ ಕಿಟಕಿ ಮಾತ್ರ ತೆರೆದು, ಉಳಿದೆಲ್ಲವನ್ನೂ ಬಾಗಿಲನ್ನೂ ಮುಚ್ಚಿ, ಕೋಣೆಯ ನಡುವೆ ಊದುಬತ್ತಿ ಹಚ್ಚಿಡಿ. ಹೊಗೆ ಎತ್ತ ಹೋಗುತ್ತದೆ, ಬತ್ತಿ ಆರಿಸಿದ ಮೇಲೆ ವಾಸನೆ ಹೋಗಲು ಎಷ್ಟು ನಿಮಿಷ ಬೇಕು ಎಂದು ಗಡಿಯಾರ ನೋಡಿ ಬರೆಯಿರಿ. ಮರುದಿನ ಅದೇ ಹೊತ್ತಿಗೆ ಎದುರುಬದುರು ಕಿಟಕಿ ತೆರೆದು ಹಾಗೆಯೇ ಮಾಡಿ. ಎರಡೂ ದಿನದ ನಿಮಿಷಗಳನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಂಡು ವಾರ್ಡಿನ ಮೊದಲ ಗೆರೆ ಎಳೆಯಿರಿ.